ನನ್ನ ಅನುಭವ: ಹದಿನೆಂಟರ ಗತಿಯಲ್ಲಿ ಮೂರು ಚಳಿಗಾಲ

ಚಳಿಗಾಲವೆಲ್ಲ ನಿಮಿಷಕ್ಕೆ ಹದಿನೆಂಟು ಎಳೆತದ ಗತಿಯಲ್ಲಿ ಎರ್ಗ್ (ಒಳಗೆ ಕೂತು ಹುಟ್ಟು ಹಾಕುವ ಯಂತ್ರ) ಎಳೆಸಿದರೆ ಹುಡುಗರು ದೋಣಿಯಲ್ಲಿ ನಿದ್ದೆ ಹೋಗುತ್ತಾರೆ ಎಂದು ನನ್ನ ಎದುರಿಗೇ ಹೇಳಿದವರೊಬ್ಬರು ಹೋದ ತಿಂಗಳು ಫೋನ್ ಮಾಡಿ ನನ್ನ ತಾಲೀಮಿನ ಪಟ್ಟಿ ಕೇಳಿದರು. ಆಮೇಲೆ ಇನ್ನಿಬ್ಬರು ಕೇಳಿದರು. ಪುಣೆಯಲ್ಲಿ ಹುಟ್ಟು ಹಾಕುವ ನಮ್ಮ ಕಡೆಯ ಹುಡುಗನೊಬ್ಬನೂ ಕೇಳಿದ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಲೇಸು. ಸ್ಪ್ಲಿಟ್ ಎಂದರೆ 500 ಮೀಟರಿಗೆ ಹಿಡಿಯುವ ಸಮಯ, ಡ್ರ್ಯಾಗ್ ಎಂದರೆ ಎರ್ಗ್ ಎಳೆತಕ್ಕೆ ಒಡ್ಡುವ ತಡೆಯ ಅಂಕಿ; ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುತ್ತ ಕೂರುವುದಿಲ್ಲ. ಬೆಳಗಿನ ಐದಕ್ಕೆ ಎದ್ದು ಜಾರುವ ಸೀಟಿನ ಮೇಲೆ ಕುಳಿತು ಗೊತ್ತಿರುವವರಿಗೆ ಇದು.

ನಾನಿರುವುದು ಮಿಷಿಗನ್‌ನಲ್ಲಿ. ಹೊಟ್ಟೆಪಾಡಿಗೆ ಕಾರಿನ ಬಿಡಿಭಾಗಗಳ ವಿನ್ಯಾಸ; ಬೆಳಗಿನ ಹೊತ್ತು ಒಂದು ವಿಶ್ವವಿದ್ಯಾಲಯದ ಪುರುಷರ ರೋಯಿಂಗ್ ಕ್ಲಬ್ಬಿನಲ್ಲಿ ಹೊಸಬರಿಗೆ ಕೋಚ್. ಅಮೆರಿಕದ ವಿಶ್ವವಿದ್ಯಾಲಯ ಎಂದೊಡನೆ ದುಡ್ಡಿನ ಹೊಳೆ ಹರಿಯುತ್ತದೆ ಎಂದುಕೊಳ್ಳಬೇಡಿ. ಮಹಿಳೆಯರ ರೋಯಿಂಗ್‌ಗೆ 1997ರಿಂದ ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ) ಚಾಂಪಿಯನ್‌ಷಿಪ್ ಇದೆ, ವಿದ್ಯಾರ್ಥಿವೇತನವಿದೆ, ಸಂಬಳದ ಕೋಚ್‌ಗಳಿದ್ದಾರೆ. ಪುರುಷರ ರೋಯಿಂಗ್ ಎನ್‌ಸಿಎಎ ಕ್ರೀಡೆಯೇ ಅಲ್ಲ. ಕೆಲವು ವಿಶ್ವವಿದ್ಯಾಲಯಗಳು ತಮ್ಮ ಖರ್ಚಿನಲ್ಲೇ ಪುರುಷರ ತಂಡ ಸಾಕಿಕೊಂಡು, 1895ರಲ್ಲಿ ಶುರುವಾದ ಐಆರ್‌ಎ ರೆಗಟ್ಟಾ ಎಂಬ ದೋಣಿ ಸ್ಪರ್ಧೆಯಲ್ಲಿ ಸೆಣಸುತ್ತವೆ. ಉಳಿದ ನಮ್ಮಂಥವರು ಕ್ಲಬ್ಬುಗಳು. ನಮಗೆ ಮೇ ತಿಂಗಳಿನ ಎಸಿಆರ್‌ಎ, ಅಂದರೆ ಕ್ಲಬ್ಬುಗಳ ರಾಷ್ಟ್ರೀಯ ಸ್ಪರ್ಧೆಯೇ ದೊಡ್ಡ ಜಾತ್ರೆ.

ಹುಡುಗರು ತಲಾ ಸುಮಾರು 1,800 ಡಾಲರ್ ವರ್ಷದ ಶುಲ್ಕ ಕಟ್ಟುತ್ತಾರೆ. ಟ್ರೈಲರ್, ಡೀಸೆಲ್, ಹೋಟೆಲ್ ಎಂದು ಅದು ಮಾರ್ಚ್ ಮುಗಿಯುವುದರೊಳಗೆ ಕರಗುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಊರವರ ಅಂಗಳದ ಎಲೆ ಗುಡಿಸುತ್ತಾರೆ, ಫುಟ್‌ಬಾಲ್ ಪಂದ್ಯದ ಮರುದಿನ ಕ್ರೀಡಾಂಗಣದ ಕಸ ಹೆಕ್ಕುತ್ತಾರೆ. ನನಗೆ ವರ್ಷಕ್ಕೆ ಕೊಡುವುದು 3,000 ಡಾಲರ್. ಅದರಲ್ಲಿ ಪೆಟ್ರೋಲಿನ ಖರ್ಚು ಕಳೆದರೆ ಉಳಿಯುವುದು ಹೆಂಡತಿಯ ಬೈಗುಳ. ಆದರೆ ಬಡ ಕ್ಲಬ್ಬಿನಲ್ಲಿ ಒಂದು ಸುಖವಿದೆ: ಐದು ಗಂಟೆಗೆ ಬರುವವರು ಬೇರೆ ಯಾರೂ ಇಲ್ಲವಾದ್ದರಿಂದ ನಾನು ಮಾಡಿದ್ದೇ ಸರಿ.

ಮೊದಲ ಚಳಿಗಾಲ ನಾನು ಮಾಡಿದ್ದು ಸರಿಯಿರಲಿಲ್ಲ. ಹೊಸ ಕೋಚ್‌ನ ಹುಮ್ಮಸ್ಸು. ಸೋಮವಾರ ಎರ್ಗ್ ಮೇಲೆ 500 ಮೀಟರಿನ ಆರು ಓಟ, ಮಂಗಳವಾರ 1,000ದ ನಾಲ್ಕು, ಬುಧವಾರ ಮತ್ತೆ ಅದೇ. ಪ್ರತಿದಿನ ಯಾರಾದರೊಬ್ಬ ವಾಂತಿ ಮಾಡಬೇಕು, ಆಗಲೇ ತಾಲೀಮು ಆದಂತೆ ಎಂದು ನಂಬಿದ್ದೆ. ಡ್ರ್ಯಾಗ್ 150 ದಾಟಿಸಿದ್ದೆ, ಶಕ್ತಿ ಬರಲಿ ಎಂದು. ಬಂದದ್ದು ಸೊಂಟನೋವು. ನವೆಂಬರ್‌ನಲ್ಲಿದ್ದ 26 ಹುಡುಗರಲ್ಲಿ ಫೆಬ್ರವರಿಗೆ ಹದಿಮೂರೋ ಹದಿನಾಲ್ಕೋ ಉಳಿದರು. ಒಬ್ಬನಿಗೆ ಪಕ್ಕೆಲುಬಿನಲ್ಲಿ ಕೂದಲೆಳೆಯ ಬಿರುಕು. ಒಳ್ಳೆಯ ಹುಡುಗ, ಆರು ವಾರ ಕೂತ, ಆಮೇಲೆ ಬರಲೇ ಇಲ್ಲ. ಅವನ ತಾಯಿ ಫೋನ್ ಮಾಡಿ ಕೇಳಿದ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ. ಏಪ್ರಿಲ್‌ನ ಮೊದಲ ಸ್ಪರ್ಧೆಯಲ್ಲಿ ನಮ್ಮ ಹಿಂದೆ ಇದ್ದದ್ದು ರೆಫರಿಯ ಲಾಂಚ್ ಮಾತ್ರ.

ಆ ಬೇಸಗೆ ಕೂತು ಓದಿದೆ. ನಾರ್ವೆಯ ಪದಕ ವಿಜೇತರ ತಾಲೀಮಿನ ಲೆಕ್ಕ ತೆಗೆದ ಸಂಶೋಧಕ ಸ್ಟೀಫನ್ ಸೈಲರ್, ಪೂರ್ವ ಜರ್ಮನಿಯಲ್ಲಿ ಕೋಚ್ ಆಗಿದ್ದು 1991ರಲ್ಲಿ ಬ್ರಿಟನ್‌ಗೆ ಬಂದು ಅಲ್ಲಿನವರನ್ನು ಕಿಲೋಮೀಟರುಗಟ್ಟಲೆ ನಿಧಾನಕ್ಕೆ ಎಳೆಸಿದ ಯುರ್ಗೆನ್ ಗ್ರೋಬ್ಲರ್, ಎಲ್ಲರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಬಹುಪಾಲು ತಾಲೀಮು ನಿಧಾನ, ಸ್ವಲ್ಪ ಮಾತ್ರ ಬಿರುಸು. ಇದಕ್ಕೆ ತದ್ವಿರುದ್ಧವಾಗಿ ಕೋಚ್ ಕಾರ್ಲ್ ಆಡಮ್ 1960ರಲ್ಲಿ ಬಿರುಸಿನ ತುಂಡು ಓಟಗಳ ತಾಲೀಮಿನಿಂದ ಜರ್ಮನಿಯ ಎಂಟರ (ಎಂಟು ಜನ ಹುಟ್ಟು ಹಾಕುವ) ದೋಣಿಗೆ ಒಲಿಂಪಿಕ್ ಚಿನ್ನ ತಂದದ್ದೂ ಗೊತ್ತು. ಅದನ್ನು ನನ್ನ ಮುಖಕ್ಕೆ ಹಿಡಿದವರೂ ಇದ್ದರು. ಆಡಮ್‌ಗೆ ಸಿಕ್ಕ ಹುಡುಗರು ನನಗೆ ಸಿಕ್ಕಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆನೋ ಏನೋ. ನನಗೆ ಸಿಗುವವರು ಸೆಪ್ಟೆಂಬರ್‌ನಲ್ಲಿ ಬಿಟ್ಟಿ ಪಿಜ್ಜಾ ಇದೆ ಎಂದು ಬಂದವರು.

ಎರಡನೆಯ ಚಳಿಗಾಲ ನಿಧಾನದ ತಾಲೀಮು ಶುರು ಮಾಡಿದೆ, ಅದೂ ಕೆಟ್ಟಿತು. ಈ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಿ, ಹೆಚ್ಚಿನವರು ಕೈಬಿಡುವುದು ಇಲ್ಲೇ. 2,000 ಮೀಟರನ್ನು 7 ನಿಮಿಷಕ್ಕೆ ಎಳೆಯುವ ಹುಡುಗ ಎಂದರೆ ಸುಮಾರು 300 ವ್ಯಾಟ್. ಅವನ ನಿಧಾನದ ತಾಲೀಮು ಅದರ ಶೇಕಡಾ 55ರಷ್ಟು, ಅಂದರೆ 2:08ರ ಸ್ಪ್ಲಿಟ್ಟಿನಲ್ಲಿ ಆಗಬೇಕು. ಆದರೆ ಇಪ್ಪತ್ತು ಹುಡುಗರನ್ನು ಸಾಲಾಗಿ ಕೂರಿಸಿದರೆ ಯಾವನೂ 2:08ಕ್ಕೆ ಎಳೆಯುವುದಿಲ್ಲ. ಪಕ್ಕದವನ ಪರದೆಯ ಮೇಲೆ 2:05 ಕಂಡರೆ ಇವನು 2:03, ಅದನ್ನು ನೋಡಿ ಅವನು 2:00. ಹತ್ತು ನಿಮಿಷ ಕಳೆದು ನೋಡಿದರೆ ಇಡೀ ಕೋಣೆ 1:56ರಲ್ಲಿ. ಅದು ನಿಧಾನವೂ ಅಲ್ಲ, ಬಿರುಸೂ ಅಲ್ಲ, ಎಡಬಿಡಂಗಿ ವೇಗ. ದಣಿವು ಪೂರ್ತಿ, ಲಾಭ ಅರ್ಧ.

ಅಳತೆಗೆ ಸಿಕ್ಕಿದರೆ ಹತೋಟಿಗೆ ಸಿಗುತ್ತದೆ ಎಂದು ರಕ್ತದ ಲ್ಯಾಕ್ಟೇಟ್ (ಸ್ನಾಯುಗಳು ಬಿರುಸಾಗಿ ದುಡಿದಾಗ ಏರುವ ವಸ್ತು) ಅಳೆಯುವ ಮಾಪಕ ಕೊಂಡೆ. ಮಾಪಕಕ್ಕೆ ಸುಮಾರು 400 ಡಾಲರ್, ರಕ್ತದ ಹನಿ ಹಾಕುವ ಒಂದೊಂದು ಪಟ್ಟಿಗೂ ಎರಡೂವರೆ. ಇಪ್ಪತ್ತು ಹುಡುಗರು, ವಾರಕ್ಕೆರಡು ಸಲ, ಲೆಕ್ಕ ನೀವೇ ಹಾಕಿ. ಬೆರಳು ಚುಚ್ಚುವಾಗ ಒಂದು ಹನಿ ಬೆವರು ಬೆರೆತರೂ ಅಂಕಿ ಹುಚ್ಚುಹುಚ್ಚಾಗಿ ಏರುತ್ತದೆ ಎಂಬುದು ತಿಳಿದದ್ದು ಅರ್ಧ ಪಟ್ಟಿ ಮುಗಿದ ಮೇಲೆ. ಒಟ್ಟು 1,100 ಡಾಲರ್ ಹೋಯಿತು. ಕ್ಲಬ್ಬಿನ ಖಜಾಂಚಿ ಅರ್ಥಶಾಸ್ತ್ರ ಓದುವ ಹತ್ತೊಂಬತ್ತರ ಹುಡುಗ. ಅವನು ರಸೀದಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, “ಕೋಚ್, ಇದು ಐವತ್ತೈದು ಗಂಟೆಯ ಎಲೆ ಗುಡಿಸುವಿಕೆ” ಎಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬರು, ವರ್ಷಕ್ಕೆ ಒಂದಿಷ್ಟು ದೇಣಿಗೆ ಕೊಡುವವರು, ಫೆಬ್ರವರಿಯಲ್ಲಿ ಬಂದು ಐದು ನಿಮಿಷ ನಿಂತು ನೋಡಿ, “ನಮ್ಮ ಅಜ್ಜಿಯೂ ಹೀಗೆ ಎಳೆಯುತ್ತಾಳೆ” ಎಂದು ಹೊರಟುಹೋದರು.

ಮೂರನೆಯ ಚಳಿಗಾಲಕ್ಕೆ ದಾರಿ ಸಿಕ್ಕಿದ್ದು ಊರಿಗೆ ಹೋದಾಗ. ನಮ್ಮದು ಗಂಗೊಳ್ಳಿ; ಪಂಚಗಂಗಾವಳಿ ಕಡಲು ಸೇರುವ ಜಾಗ. ಚಿಕ್ಕಂದಿನಲ್ಲಿ ಕೈರಂಪಣಿ ಬಲೆ ಎಳೆಯುವವರ ಜೊತೆ ನಾನೂ ಹಗ್ಗ ಹಿಡಿದು ನಿಂತಿದ್ದುಂಟು. ಈ ಸಲ ಮನೆಯ ಜಗಲಿಯಲ್ಲಿ ಕೂತು ದೊಡ್ಡಪ್ಪನ ಹತ್ತಿರ ಹಳೆಯ ಕಥೆ ಕೇಳುತ್ತಿದ್ದಾಗ ನೆನಪಾಯಿತು: ಗಂಟೆಗಟ್ಟಲೆ ಬಲೆ ಎಳೆಯುವವರು ಎಂದೂ ಏದುಸಿರು ಬಿಡುತ್ತಿರಲಿಲ್ಲ, ಮತ್ತು ಎಂದೂ ಬಾಯಿ ಮುಚ್ಚುತ್ತಿರಲಿಲ್ಲ. ಯಾರ ಮನೆಯ ಮದುವೆ, ಯಾರ ದೋಣಿ ಸಾಲಕ್ಕೆ ಹೋಯಿತು ಎಂಬ ಮಾತು ನಡೆದೇ ಇರುತ್ತಿತ್ತು. “ಐಲೇ” ಎನ್ನುವಷ್ಟು ಹೊತ್ತು ಸುಧಾರಿಸಿಕೊಂಡು “ಸಾ” ಬಿದ್ದಾಗ ಎಳೆತ. ಹದಿನೆಂಟರ ಗತಿಯಲ್ಲಿ ನಾವು ಬಾಯಿ ಒಣಗಿಸಿಕೊಂಡು ಹೇಳಿಕೊಡುವ ಲಯ ಅದೇ ಅಲ್ಲವೇ? ಒಂದು ಪಾಲು ಎಳೆತ, ಎರಡು ಪಾಲಿಗಿಂತ ಹೆಚ್ಚು ಮುಂದಿನ ಎಳೆತಕ್ಕೆ ಮರಳುವಿಕೆ.

ವಾಪಸು ಬಂದವನೇ ಎರ್ಗ್‌ಗಳನ್ನು ಇಬ್ಬಿಬ್ಬರಿಗೆ ಜೋಡಿಯಾಗಿ ಹಾಕಿದೆ. ಪರದೆಯಲ್ಲಿ ಸ್ಪ್ಲಿಟ್ ತೋರುವ ಜಾಗಕ್ಕೆ ಬಟ್ಟೆಯ ಟೇಪು ಅಂಟಿಸಿದೆ. ಗತಿ ಮಾತ್ರ ಕಾಣಬೇಕು. ಟೇಪು ನಾಲ್ಕು ಡಾಲರ್. ನಿಯಮ ಒಂದೇ: ಜೋಡಿ ಮಾತನಾಡುತ್ತಲೇ ಇರಬೇಕು, ಪೂರ್ತಿ ವಾಕ್ಯಗಳಲ್ಲಿ. ವಾಕ್ಯದ ನಡುವೆ ಉಸಿರು ತುಂಡಾದರೆ ಎಳೆತ ಹಗುರ ಮಾಡಬೇಕು. ಮಾತು ನಿಲ್ಲಿಸಿದ ಜೋಡಿ ಮರುದಿನ ಕೋಣೆ ಗುಡಿಸಬೇಕು. ಮೊದಲ ವಾರ ಮುಜುಗರ, ಹವಾಮಾನ, ಫುಟ್‌ಬಾಲ್. ಎರಡನೆಯ ವಾರದಿಂದ ನಾನು ಕೇಳಬಾರದ ಸಂಗತಿಗಳೆಲ್ಲ ಕೇಳಿಸತೊಡಗಿದವು. ಇಬ್ಬರು ಕ್ಯಾಲ್ಕುಲಸ್ ಪರೀಕ್ಷೆಗೆ ಎರ್ಗ್ ಮೇಲೆಯೇ ಓದಿ ಪಾಸಾದರು. ನವೆಂಬರ್‌ನಲ್ಲಿ ಇಪ್ಪತ್ತು ನಿಮಿಷದ ಮೂರು ಸುತ್ತು, ಜನವರಿಯಲ್ಲಿ ನಾಲ್ಕು, ಫೆಬ್ರವರಿಯಲ್ಲಿ ವಾರಕ್ಕೆರಡು ಸಲ ಒಂದು ಗಂಟೆ ನಿಲ್ಲದೆ. ವಾರಕ್ಕೆ 80ರಿಂದ 90 ಕಿಲೋಮೀಟರ್. ಡ್ರ್ಯಾಗ್ 115. ಬಿರುಸಿನ ತಾಲೀಮು ವಾರಕ್ಕೆ ಒಂದೇ, ಗುರುವಾರ.

ಆ ಗುರುವಾರದ್ದು ಏನು ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಪಕ್ಕದ ರಾಜ್ಯದ ಎದುರಾಳಿ ತಂಡದ ಕೋಚ್ ಒಬ್ಬರು ಉಡುಪಿಯವರ ಅಳಿಯ. ಮನೆಯಲ್ಲಿ ಕನ್ನಡ ಓದುವವರಿದ್ದಾರೆ. ಎಂಟು ಜನರನ್ನು ಯಾವ ಲೆಕ್ಕದಲ್ಲಿ ಯಾವ ಸೀಟಿಗೆ ಕೂರಿಸಿದೆ ಎಂಬುದೂ ನನ್ನ ಬಳಿಯೇ ಇರಲಿ. ಎರ್ಗ್‌ನ ಅಂಕಿ ನೋಡಿ ಕೂರಿಸಲಿಲ್ಲ ಎಂಬಷ್ಟು ಹೇಳಬಲ್ಲೆ.

ನಡುನಡುವೆ ಮಾಡಿದ ಕಿತಾಪತಿಗಳೂ ಇವೆ. ಶರತ್ಕಾಲದಲ್ಲಿ ದೋಣಿಯ ಹೊಟ್ಟೆಗೆ ಎಲಾಸ್ಟಿಕ್ ಹಗ್ಗ ಸುತ್ತಿ ಭಾರ ಮಾಡಿದೆ. ಹಗ್ಗ ಬಿಚ್ಚಿದಾಗ ದೋಣಿ ಹಾರಿದಂತೆ ಅನ್ನಿಸಿ ಹುಡುಗರು ಕುಣಿದರು. ಗಡಿಯಾರ ಮಾತ್ರ ಕುಣಿಯಲಿಲ್ಲ. ಕೈಬಿಟ್ಟೆ. ಬೆಳಗಿನ ತಾಲೀಮಿಗೆ ಮುಂಚೆ ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ಕೊಟ್ಟದ್ದು ಮಾತ್ರ ಗೆದ್ದಿತು. ಬೇಗಲ್ ತಿಂದು ಬರುವವರಿಗೆ ನಲವತ್ತನೆಯ ನಿಮಿಷಕ್ಕೆ ಹೊಟ್ಟೆ ತೊಳಸುತ್ತಿತ್ತು, ಗಂಜಿ ಕುಡಿದವರಿಗೆ ಇಲ್ಲ. ಮಿಡಿ ಉಪ್ಪಿನಕಾಯಿ ಕೊಟ್ಟು ನೋಡಿದೆ, ಮೂರನೆಯ ಸೀಟಿನವನ ಕಣ್ಣಲ್ಲಿ ನೀರು. ಇನ್ನೊಂದು: ಹುಟ್ಟಿನ ಅಲಗು ನೀರಿನಲ್ಲಿ ಸಿಕ್ಕಿಕೊಂಡರೆ ಇಲ್ಲಿಯವರು ಏಡಿ ಹಿಡಿದ ಎನ್ನುತ್ತಾರೆ. ನಮ್ಮೂರಲ್ಲಿ ಏಡಿ ಹಿಡಿದರೆ ರಾತ್ರಿಗೆ ಸಾರು, ಇಲ್ಲಿ ಹಿಡಿದರೆ ಹುಡುಗನೇ ನೀರಿಗೆ. ಅದನ್ನು ತಪ್ಪಿಸಲು ಮೊದಲ ಐದು ವಾರ ಅಲಗು ಮಲಗಿಸುವುದನ್ನೇ ಕಲಿಸಲಿಲ್ಲ, ನೆಟ್ಟಗಿನ ಅಲಗಿನಲ್ಲೇ ಎಳೆಸಿದೆ. ದೋಣಿ ಕುಂಟಿತು, ನೋಡುವವರು ನಕ್ಕರು, ಆದರೆ ವಸಂತದಲ್ಲಿ ನಮ್ಮವರು ಹಿಡಿದ ಏಡಿ ಒಂದೇ ಒಂದು.

ದೋಣಿಯ ಮಾತು ಹೇಳದಿದ್ದರೆ ದುಡ್ಡಿನ ಲೆಕ್ಕ ಪೂರ್ತಿಯಾಗದು. ಹೊಸ ಎಂಟರ ದೋಣಿಗೆ 50,000 ಡಾಲರ್‌ಗೂ ಮೇಲೆ ಕೇಳಿದರು. ನಾವು ಕೊಂಡದ್ದು ಹದಿನೈದು ವರ್ಷ ಹಳೆಯದು, 9,000ಕ್ಕೆ, ಚೌಕಾಸಿ ಮಾಡಿ 8,200ಕ್ಕೆ. ನಿಯಮದ ಕನಿಷ್ಠ ತೂಕ 96 ಕಿಲೋ. ನಮ್ಮದು ನೀರು ಕುಡಿದು 104 ತೂಗುತ್ತಿತ್ತು. ಗ್ಯಾರೇಜಿನಲ್ಲಿ ಹೀಟರ್ ಇಟ್ಟು ಮೂರು ವಾರ ಒಣಗಿಸಿ, ಬಿರುಕುಗಳಿಗೆ ಎಪಾಕ್ಸಿ ತುಂಬಿದ ಮೇಲೆ 99ಕ್ಕೆ ಇಳಿಯಿತು. ವಿದ್ಯುತ್ ಬಿಲ್ಲು ನಾನೇ ಕಟ್ಟಿದೆ, ಮನೆಯಲ್ಲಿ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಎಂಟು ಜನರ 2,000 ಮೀಟರಿನ ಸರಾಸರಿ 6:50ರ ಆಸುಪಾಸು ಇತ್ತು, ಮಾರ್ಚ್ ಕೊನೆಗೆ 6:33. ವ್ಯಾಟ್ ಲೆಕ್ಕದಲ್ಲಿ 325ರಿಂದ 370. ಹೊಸಬರು ಹೇಗೂ ಏರುತ್ತಾರೆ ಎನ್ನುತ್ತೀರಿ, ಒಪ್ಪುತ್ತೇನೆ. ಮೊದಲ ವರ್ಷದವರೂ ಹೊಸಬರೇ ಆಗಿದ್ದರು, ಅವರು ಏರಿದ್ದು ಆರೇಳು ಸೆಕೆಂಡು. ಹೆಚ್ಚು ಬೀಗುವ ಸಂಗತಿ ಬೇರೆ: ಈ ಸಲ 24ರಲ್ಲಿ 21 ಜನ ಉಳಿದರು, ಪಕ್ಕೆಲುಬು ಒಂದೂ ಬಿರಿಯಲಿಲ್ಲ. ಎಸಿಆರ್‌ಎಯ ಹೊಸಬರ ಎಂಟರಲ್ಲಿ ಫೈನಲ್ ಮುಟ್ಟಿದೆವು. 1,200 ಮೀಟರಿನಲ್ಲಿ ಐದನೆಯವರಾಗಿದ್ದು, ಕೊನೆಗೆ ಮೂರನೆಯವರ ಹಿಂದೆ ಒಂದು ಸೀಟಿನಷ್ಟು ಅಂತರದಲ್ಲಿ ನಾಲ್ಕನೆಯವರು. ಕೊನೆಯ ಐನೂರರಲ್ಲಿ ನಮ್ಮಷ್ಟು ವೇಗವಾಗಿ ಬಂದವರು ಇನ್ನೊಬ್ಬರೇ. ಅಜ್ಜಿಯ ಮಾತಾಡಿದ ಹಿರಿಯರು ದಡದಲ್ಲಿದ್ದರು. ಕೈ ಕುಲುಕಿದರು, ಅಜ್ಜಿಯ ಸುದ್ದಿ ಎತ್ತಲಿಲ್ಲ. ಮರುವಾರ 2,500 ಡಾಲರಿನ ಚೆಕ್ ಬಂತು; ಖಜಾಂಚಿ ಅದನ್ನು ತಂದು ತೋರಿಸಿ, ನೂರಿಪ್ಪತ್ತೈದು ಗಂಟೆ ಎಂದ.

ಈ ವರ್ಷ ಹಿರಿಯರ ತಂಡವನ್ನೂ ನನಗೇ ಒಪ್ಪಿಸಿದ್ದಾರೆ. ಇಲ್ಲಿ ಅಷ್ಟು ಧೈರ್ಯವಿಲ್ಲ. ಹೋದ ವರ್ಷದ ಎಂಟರಲ್ಲಿ ಆರು ಜನ ಮೇಲೆ ಬಂದಿದ್ದಾರೆ, ಅವರು ಟೇಪು ಅಂಟಿಸಿದ ಪರದೆಗೆ ಒಗ್ಗಿದವರು. ಆದರೆ ಮೊದಲಿಂದ ಬಿರುಸಿನಲ್ಲೇ ಬೆಳೆದ ನಾಲ್ಕು ಹಿರಿಯರು ಟೇಪು ಕಿತ್ತು ನೋಡುತ್ತಾರೆ. ಅವರಲ್ಲೊಬ್ಬ ಕ್ಲಬ್ಬಿಗೇ ವೇಗದವನು, 6:14; ಮಾತನಾಡು ಎಂದರೆ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಾನೆ. ಜನವರಿಯಿಂದ ಅವನನ್ನು ಕಾಕ್ಸ್ (ದೋಣಿಯಲ್ಲಿ ಕೂತು ದಿಕ್ಕು ಹಿಡಿದು ಲಯ ಕೂಗುವ) ಹುಡುಗಿಯ ಪಕ್ಕದ ಎರ್ಗ್‌ಗೆ ಹಾಕಿದ್ದೇನೆ. ಅವಳು ಯಾರನ್ನಾದರೂ ಮಾತಿಗೆಳೆಯಬಲ್ಲಳು. ದೋಣಿಯಲ್ಲಿ ಅವಳು ಕೂಗುವುದೂ “ಐಲೇಸಾ”ವನ್ನೇ. ‘ಲೇ’ಯನ್ನು ‘ಲಿ’ ಮಾಡಿದ್ದಾಳೆ. ಮರಳುವಿಕೆ ಅಷ್ಟರಮಟ್ಟಿಗೆ ಗಿಡ್ಡವಾಗುತ್ತದೆ, ತಿದ್ದಬೇಕು.

ಮೊದಲ ಸ್ಪರ್ಧೆಗೆ ಇನ್ನು ಮೂರು ವಾರ. ನಿನ್ನೆ ಸೇತುವೆಯ ಮೇಲೆ ನಿಂತು ನೋಡಿದೆ. ನದಿಯ ನಡುವೆ ಮಂಜುಗಡ್ಡೆ ಬಿಟ್ಟಿದೆ, ಎರಡೂ ದಡಕ್ಕೆ ಇನ್ನೂ ಅಂಟಿಕೊಂಡಿದೆ. ದೋಣಿ ತೂರುವಷ್ಟು ನೀರಿದೆ, ಹುಟ್ಟು ಚಾಚುವಷ್ಟಿಲ್ಲ. ಇವತ್ತೂ ಎರ್ಗ್ ಮೇಲೆಯೇ, ಒಂದು ಗಂಟೆ.