ಘಾಟಿಯಲ್ಲಿ ಮಗಳ ವಾಂತಿ ನಿಂತಿದ್ದು ಹೀಗೆ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಲು ಶುರು ಮಾಡಿದರೆ ಸಾಕು, 5 ವರ್ಷದ ಮಗಳು ಆಕಳಿಸುತ್ತಿದ್ದಳು. ತುಟಿ ಬಿಳಿಚಿಕೊಳ್ಳುತ್ತಿತ್ತು. ಎರಡೇ ತಿರುವು, ವಾಂತಿ.

ನಿಂಬೆಹಣ್ಣು ಮೂಸಿಸಿದ್ದಾಯಿತು, ಖಾಲಿ ಹೊಟ್ಟೆಯಲ್ಲಿ ಹೊರಟಿದ್ದೂ ಆಯಿತು. ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಟ್ಟರೆ ಇನ್ನೂ ಜಾಸ್ತಿ. ಸಮತೋಲನ ನೋಡಿಕೊಳ್ಳುವ ಒಳಕಿವಿಗೆ ತಿರುವು ಗೊತ್ತಾಗುತ್ತದೆ, ಮೊಬೈಲ್ ನೋಡುವ ಕಣ್ಣಿಗೆ ಕಾಣುವುದಿಲ್ಲ, ಅಲ್ವಾ? ಅದೇ ತೊಂದರೆ.

ಸರಿಹೋಗಿದ್ದು ಜಾಗ ಬದಲಿಸಿದಾಗ. ಹಿಂದಿನ ಸೀಟಿನ ನಡುವೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸುವ ಸೀಟು, ಇಟ್ಟು ಕೂರಿಸಿದೆವು (ಅಲ್ಲೂ ಭುಜದ ಬೆಲ್ಟ್ ಇರಬೇಕು). ಈಗ ಮುಂದಿನ ಗಾಜಿನಲ್ಲಿ ರಸ್ತೆ ಪೂರ್ತಿ ಕಾಣುತ್ತದೆ. ಘಾಟಿಗೆ 2 ಗಂಟೆ ಮೊದಲು ಎರಡು ಇಡ್ಲಿ, ಅಷ್ಟೇ. ಕೊಟ್ಟಿಗೆಹಾರದಲ್ಲಿ 15 ನಿಮಿಷ ಓಡಾಟ. ಆಮೇಲೆ ಎಸಿ ಆಫ್, ಕಿಟಕಿ ಮೂರು ಬೆರಳಷ್ಟು ಕೆಳಗೆ, ಎರಡನೇ ಗೇರ್. ಬ್ರೇಕ್ ತಿರುವಿಗೆ ಮೊದಲೇ ಹಾಕಿ, ತಿರುವಿನೊಳಗೆ ಬೇಡ. ಮುಂದಿನ ತಿರುವು ಎಡಕ್ಕೋ ಬಲಕ್ಕೋ ಅಂತ ಮಗುವೇ ಹೇಳಲಿ. ಕಣ್ಣು ರಸ್ತೆ ಬಿಡುವುದಿಲ್ಲ.

ಕಳೆದ ಮೂರು ಸಲವೂ ಪ್ಲಾಸ್ಟಿಕ್ ಕವರ್ ತೆಗೆಯಲೇ ಇಲ್ಲ.