‘ಸರ್’ ಕಂಡರೆ ಮೊದಲು ಇಸವಿ ನೋಡಿ

ಇಂಗ್ಲೆಂಡಿನ ಇತಿಹಾಸ ಓದಲು ಕೂತರೆ ‘ಸರ್’ಗಳು ಸಾಲುಸಾಲಾಗಿ ಎದುರಾಗುತ್ತಾರೆ. ಎಲ್ಲರನ್ನೂ ಕುದುರೆ ಹತ್ತಿಸಿ ಕೈಗೆ ಕತ್ತಿ ಕೊಟ್ಟುಬಿಟ್ಟರೆ ಲೆಕ್ಕ ತಪ್ಪುತ್ತದೆ. ಮೊದಲು ಇಸವಿ ನೋಡಿ. ಆಮೇಲೆ, ಆ ಬಿರುದಿನ ಹಿಂದೆ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತು ಅಂತ ನೋಡಿ.

‘ಸರ್’ ಅಂತ ಕರೆಸಿಕೊಳ್ಳುವವನು ಸಾಮಾನ್ಯವಾಗಿ ‘ನೈಟ್’, ಅಂದರೆ ಮೊದಲಿಗೆ ಕುದುರೆ ಮೇಲೆ ಕೂತು ಕಾದುತ್ತಿದ್ದ ಯೋಧ. ಆದರೆ ನೈಟ್ ಅನ್ನೋ ಪದ ಹುಟ್ಟಿನಿಂದ ದೊಡ್ಡ ಮನೆತನದ್ದೇನಲ್ಲ. ಹಳೇ ಇಂಗ್ಲಿಷಿನಲ್ಲಿ ಅದು ‘ಕ್ನಿಹ್ಟ್’, ಅಂದರೆ ಹುಡುಗ, ಆಳು. ಅದರ ಜರ್ಮನ್ ದಾಯಾದಿ ‘ಕ್ನೆಖ್ಟ್’ ಪಾಪ ಇವತ್ತಿಗೂ ಆಳಾಗಿಯೇ ಉಳಿದಿದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರದ ಶತಮಾನಗಳ ಹೆಸರಾದರೆ ಜಮೀನು ಹುಡುಕಿ. ಯುದ್ಧದ ಕುದುರೆ, ಕಬ್ಬಿಣದ ಬಳೆ ಹೆಣೆದ ಅಂಗಿ, ಕತ್ತಿ, ಜೊತೆಗೊಬ್ಬ ಆಳು, ಇಷ್ಟನ್ನೆಲ್ಲ ಸಾಕೋದಕ್ಕೆ ಆದಾಯ ಬೇಕಲ್ವಾ? ಅದಕ್ಕೇ ಒಡೆಯ ಭೂಮಿ ಕೊಡುತ್ತಿದ್ದ, ಇವನು ಬದಲಿಗೆ ವರ್ಷಕ್ಕೆ ಸುಮಾರು 40 ದಿನ ಯುದ್ಧಸೇವೆ ಮಾಡಬೇಕಿತ್ತು. ಯುದ್ಧಕ್ಕೆ ಹೋಗುವ ಬದಲು ಕಟ್ಟುವ ಹಣಕ್ಕೆ ‘ಸ್ಕ್ಯೂಟೇಜ್’ ಅಂತ ಹೆಸರು. 13ನೇ ಶತಮಾನದ ಹೊತ್ತಿಗೆ ಖರ್ಚು ಎಷ್ಟು ಜಾಸ್ತಿಯಾಯಿತೆಂದರೆ ಅನುಕೂಲಸ್ಥರೇ ನೈಟ್ ಆಗದೆ ತಪ್ಪಿಸಿಕೊಳ್ಳತೊಡಗಿದರು. ರಾಜ ಬಿಟ್ಟಾನೆಯೇ? ‘ನೈಟ್ ಆಗು, ಇಲ್ಲಾ ದಂಡ ಕಟ್ಟು’ ಅಂದ. ಈ ಹಳೇ ಕಾನೂನನ್ನು 1630ರಲ್ಲಿ ಒಂದನೇ ಚಾರ್ಲ್ಸ್ ಮತ್ತೆ ಹೊರಗೆಳೆದು, ವರ್ಷಕ್ಕೆ 40 ಪೌಂಡ್ ಭೂಆದಾಯ ಇದ್ದೂ ನೈಟ್ ಆಗದವರಿಂದ ದಂಡ ಕಿತ್ತ. ಇಷ್ಟು ಹೊತ್ತಿಗೆ ಕುದುರೆಯೂ ಇಲ್ಲ, ಯುದ್ಧವೂ ಇಲ್ಲ, ಬರೀ ವಸೂಲಿ! 1641ರಲ್ಲಿ ಸಂಸತ್ತು ಅದನ್ನು ನಿಲ್ಲಿಸಿತು.

ಅವನಪ್ಪ ಒಂದನೇ ಜೇಮ್ಸ್ ಬೇರೆ ದಾರಿ ಹಿಡಿದಿದ್ದ. 1603ರಲ್ಲಿ ಪಟ್ಟಕ್ಕೆ ಬಂದವನೇ ಮೊದಲ ವರ್ಷದಲ್ಲಿ ನೂರಾರು ಜನರನ್ನು ನೈಟ್ ಮಾಡಿ, 1611ರಲ್ಲಿ ದುಡ್ಡಿಗೆ ಸಿಗುವ ‘ಬ್ಯಾರೊನೆಟ್’ ಪದವಿ ತೆರೆದ. ಇಲ್ಲಿ ಹುಷಾರಾಗಿರಿ. ಬ್ಯಾರೊನೆಟ್ ಕೂಡ ‘ಸರ್’ ಅಂತಲೇ ಕರೆಸಿಕೊಳ್ಳುತ್ತಾನೆ, ಆದರೆ ಅವನು ನೈಟ್ ಅಲ್ಲ. ಅವನ ಪದವಿ ಮಗನಿಗೆ ಹೋಗುತ್ತದೆ, ನೈಟ್‌ನದು ಅವನ ಜೊತೆಗೇ ಮುಗಿಯುತ್ತದೆ. ತಂದೆ, ಮಗ, ಮೊಮ್ಮಗ ಎಲ್ಲರೂ ‘ಸರ್’ ಆಗಿದ್ದರೆ ಮೊದಲು ಈ ಅನುಮಾನ ಪಡಿ.

18ನೇ ಶತಮಾನಕ್ಕೆ ಬಂದರೆ ರಾಜಕೀಯ ನೋಡಿ. ಐಸಾಕ್ ನ್ಯೂಟನ್‌ಗೆ 1705ರ ಏಪ್ರಿಲ್‌ನಲ್ಲಿ ರಾಣಿ ಆನ್ ಕೇಂಬ್ರಿಜ್‌ನಲ್ಲಿ ಈ ಗೌರವ ಕೊಟ್ಟಳು. ಗುರುತ್ವಾಕರ್ಷಣೆಗೆ ಸಿಕ್ಕಿತು ಅಂತ ಸುಮ್ನೆ ನಂಬಬೇಡಿ. ಮುಂದಿನ ತಿಂಗಳೇ ಸಂಸತ್ತಿನ ಚುನಾವಣೆ, ನ್ಯೂಟನ್ ಅಭ್ಯರ್ಥಿ. (ಸೋತ, ಆ ಮಾತು ಬೇರೆ.)

20ನೇ ಶತಮಾನದಲ್ಲಿ ಬಾಗಿಲು ಅಗಲವಾಯಿತು. 1917ರಲ್ಲಿ ಐದನೇ ಜಾರ್ಜ್ ಆರಂಭಿಸಿದ ‘ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್’ ಅನ್ನೋ ಗೌರವ ಶ್ರೇಣಿಗೆ ಹೆಂಗಸರೂ ಬಂದರು, ಅವರಿಗೆ ‘ಡೇಮ್’. ಆದರೆ ದುಡ್ಡಿನ ವಾಸನೆ ಹೋಗಲಿಲ್ಲ. ಪ್ರಧಾನಿ ಲಾಯ್ಡ್ ಜಾರ್ಜ್ ಕಾಲದಲ್ಲಿ ಬಿರುದುಗಳ ವ್ಯಾಪಾರ ಎಷ್ಟು ರಂಪವಾಯಿತೆಂದರೆ 1925ರಲ್ಲಿ ಅದರ ವಿರುದ್ಧ ಕಾನೂನೇ ಬಂತು. ಬೇಡ ಅಂದವರನ್ನೂ ಗಮನಿಸಿ: ರವೀಂದ್ರನಾಥ ಠಾಕೂರರು 1915ರಲ್ಲಿ ಪಡೆದದ್ದನ್ನು 1919ರಲ್ಲಿ, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ತ್ಯಜಿಸಿದರು.

ಬರೆಯುವಾಗ ‘ಸರ್ ಐಸಾಕ್’ ಸರಿ, ‘ಸರ್ ನ್ಯೂಟನ್’ ತಪ್ಪು. ಇನ್ನು ಬಿಲ್ ಗೇಟ್ಸ್‌ಗೆ 2005ರಲ್ಲಿ ಸಿಕ್ಕಿದ್ದು ಗೌರವ ನೈಟ್ ಪದವಿ. ಅಮೆರಿಕದ ಪ್ರಜೆ ಆದ್ದರಿಂದ ‘ಸರ್ ಬಿಲ್’ ಅನ್ನುವ ಹಾಗಿಲ್ಲ.