ತುಂಬಿದ ಪಿಸ್ತೂಲು ಸೊಂಟದಲ್ಲಿಟ್ಟು ರೇಂಜಿಗೆ ಹೋಗುವುದು: ನನ್ನ ಅನುಭವ

ಟೆಕ್ಸಸ್‌ನಲ್ಲಿ ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಂಡ ನಮ್ಮ ಕನ್ನಡದವರು, ಅದರಲ್ಲೂ ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡ ಹೆಂಗಸರು, ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: “ಅಕ್ಕಾ, ಅಭ್ಯಾಸಕ್ಕೆ ಶೂಟಿಂಗ್ ರೇಂಜಿಗೆ ಹೋಗುವಾಗ ಸೊಂಟದಲ್ಲಿ ಇರೋದನ್ನ ಏನು ಮಾಡ್ತೀರಿ? ಖಾಲಿ ಮಾಡ್ಕೊಂಡು ಹೋಗ್ಬೇಕಾ, ಹಾಗೇ ಹೋಗ್ಬಹುದಾ?”

ರೇಂಜಿನ ನಿಯಮ ಒಪ್ಪುವುದಾದರೆ ನಾನು ಹಾಗೇ ಹೋಗುತ್ತೇನೆ. ಪಿಸ್ತೂಲು ಹೋಲ್ಸ್ಟರ್‌ನಲ್ಲಿ, ಅಂದರೆ ಬೆಲ್ಟಿಗೆ ಸಿಕ್ಕಿಸುವ ಒರೆಯಲ್ಲಿ, ತುಂಬಿಕೊಂಡೇ ಇರುತ್ತದೆ. ಮುಂದೆ ಮಣ್ಣಿನ ದಿಬ್ಬವೋ ಗುಂಡು ತಡೆಯುವ ಗೋಡೆಯೋ ಇರುವ ಜಾಗದಲ್ಲಿ ನಿಲ್ಲುವವರೆಗೆ ನನ್ನ ಕೈ ಅದರ ಹತ್ತಿರ ಸುಳಿಯುವುದಿಲ್ಲ. ಒಳ್ಳೆಯ ಹೋಲ್ಸ್ಟರ್‌ನಲ್ಲಿ ಸುಮ್ಮನೆ ಕೂತ ಪಿಸ್ತೂಲು ತಾನಾಗಿ ಸಿಡಿಯುವುದಿಲ್ಲ. ನಾನು ಕಂಡಂತೆ ಅಪಾಯ ಬರುವುದು ಅದನ್ನು ತೆಗೆಯುವಾಗ, ಇಡುವಾಗ, ತುಂಬುವಾಗ, ಖಾಲಿ ಮಾಡುವಾಗ. ಹಾಗಾಗಿ ಮುಟ್ಟುವ ಸಂದರ್ಭಗಳನ್ನೇ ಕಡಿಮೆ ಮಾಡಿ, ಉಳಿದವನ್ನು ಸರಿಯಾದ ಜಾಗಕ್ಕೆ ಸೀಮಿತಗೊಳಿಸಿದ್ದೇನೆ.

ನಾನು ಮತ್ತು ನಮ್ಮ ಮನೆಯವರು ಸೇರಿ ದಿನಸಿ ಅಂಗಡಿ ನಡೆಸುತ್ತೇವೆ. ರಾತ್ರಿ ಬಾಗಿಲು ಹಾಕಿ, ಗಲ್ಲಾಪೆಟ್ಟಿಗೆಯ ದುಡ್ಡು ಕೈಯಲ್ಲಿ ಹಿಡಿದು, ಖಾಲಿ ಪಾರ್ಕಿಂಗ್ ಜಾಗ ದಾಟಿ ಕಾರಿಗೆ ಹೋಗುವುದು ಬಹಳ ದಿನ ನನ್ನ ಪಾಲಿನ ಕೆಲಸ. ಪಿಸ್ತೂಲು ನನ್ನ ಸೊಂಟಕ್ಕೆ ಬಂದದ್ದು ಅದಕ್ಕಾಗಿ. ರೇಂಜು ಇರುವುದು ಊರಾಚೆ. ಅಂಗಡಿಯಿಂದ ನೇರವಾಗಿ ಹೋಗಿ ಮತ್ತೆ ಅಂಗಡಿಗೆ ಬರುವವಳಿಗೆ ನಡುದಾರಿಯಲ್ಲಿ ಖಾಲಿ ಪಿಸ್ತೂಲು ಇದ್ದು ಏನುಪಯೋಗ?

ಕಾನೂನಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ದಾಟಿದ, ಬೇರೆ ಅಡ್ಡಿಗಳಿಲ್ಲದ ವ್ಯಕ್ತಿ ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಒಯ್ಯಬಹುದು. ಆದರೂ ನಾನು ಲೈಸೆನ್ಸನ್ನು ಬಿಟ್ಟುಕೊಟ್ಟಿಲ್ಲ, ಬಿಡಬೇಡಿ ಎಂದೇ ಎಲ್ಲರಿಗೂ ಹೇಳುತ್ತೇನೆ. ಶಾಲೆಗಳ ಸುತ್ತ 1000 ಅಡಿಯೊಳಗೆ ಗನ್ ಒಯ್ಯಬಾರದೆಂಬ ಫೆಡರಲ್ ಕಾನೂನೊಂದಿದೆ. ಅದರಲ್ಲಿ ಆ ರಾಜ್ಯದ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಇದೆ, ಲೈಸೆನ್ಸ್ ಇಲ್ಲದವರಿಗೆ ಇಲ್ಲ. ಊರೊಳಗೆ ಕಾರು ಓಡಿಸಿಕೊಂಡು ರೇಂಜಿಗೆ ಹೋಗುವ ದಾರಿಯಲ್ಲಿ ಒಂದಾದರೂ ಶಾಲೆ ಸಿಗದೆ ಇರುತ್ತದೆಯೇ? ಲೈಸೆನ್ಸಿನ ಪರೀಕ್ಷೆಯೂ ಕಠಿಣವಲ್ಲ: 3, 7, 15 ಗಜ ದೂರದಿಂದ ಒಟ್ಟು 50 ಗುಂಡು, 250ಕ್ಕೆ 175 ಅಂಕ ಬಂದರೆ ಪಾಸು. ಪೊಲೀಸರು ನಿಲ್ಲಿಸಿ ಗುರುತಿನ ಚೀಟಿ ಕೇಳಿದರೆ, ಪಿಸ್ತೂಲು ಮೈಮೇಲಿದ್ದಾಗ ಡ್ರೈವಿಂಗ್ ಲೈಸೆನ್ಸಿನ ಜೊತೆಗೆ ಇದನ್ನೂ ತೋರಿಸಬೇಕು. ನಾನು ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು, ಮೊದಲು ಬಾಯಲ್ಲಿ ಹೇಳಿ, ಆಮೇಲೆ ಪರ್ಸಿಗೆ ಕೈ ಹಾಕುತ್ತೇನೆ.

ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಇಲ್ಲಿರುವ ತಮ್ಮಂದಿರು, ತಂಗಿಯರು ಒಂದು ಮಾತು ಗಮನಿಸಬೇಕು. ತಾತ್ಕಾಲಿಕ ವೀಸಾದಲ್ಲಿರುವವರು ಗನ್ ಅಥವಾ ಗುಂಡು ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, ಇನ್ನೂ ಕೆಲವು ವಿನಾಯಿತಿಗಳೂ ಉಂಟು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಊರಿಂದ ಬಂದ ನೆಂಟರು “ಒಂದೇ ಒಂದು ಗುಂಡು ಹೊಡೆದು ನೋಡ್ತೀನಿ” ಎಂದು ಆಸೆಪಟ್ಟಾಗಲೂ ಇದೇ ಕಾನೂನು ಅಡ್ಡ ಬರುತ್ತದೆ. ವಕೀಲರನ್ನು ಕೇಳದೆ ಅವರ ಕೈಗೆ ಪಿಸ್ತೂಲು ಕೊಡಬೇಡಿ. ವೀಸಾದ ಭವಿಷ್ಯ ಹಾಳಾಗುವಷ್ಟು ದೊಡ್ಡ ಸಂಗತಿ ಇದು.

ನಾನು ಒಯ್ಯುವುದು ಗ್ಲಾಕ್ 19. 9 ಮಿ.ಮೀ., ಮ್ಯಾಗಜಿನ್‌ನಲ್ಲಿ (ಗುಂಡು ತುಂಬಿ ಹಿಡಿಯೊಳಗೆ ತಳ್ಳುವ ಡಬ್ಬಿ) 15 ಗುಂಡು. ಬೆರಳಿನಿಂದ ಮೇಲೆ ಕೆಳಗೆ ಮಾಡುವ ಸೇಫ್ಟಿ ಗುಂಡಿ ಇದರಲ್ಲಿಲ್ಲ. ಟ್ರಿಗರ್ ಅದುಮಿದರೆ ಹಾರುತ್ತದೆ, ಅದುಮದಿದ್ದರೆ ಇಲ್ಲ. ಅದಕ್ಕಾಗಿಯೇ ಟ್ರಿಗರನ್ನು ಪೂರ್ತಿ ಮುಚ್ಚುವ, ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಸ್ಟರ್ ಪಿಸ್ತೂಲಿನಷ್ಟೇ ಮುಖ್ಯ. ಮೆತ್ತನೆ ಬಟ್ಟೆಯವು, ಒಳಕ್ಕೆ ಮಡಚಿಕೊಳ್ಳುವ ಹಳೇ ಚರ್ಮದವು ಬೇಡವೇ ಬೇಡ. ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಗೆಳತಿಯರಿದ್ದಾರೆ. ರೇಂಜಿಗೆ ಬಂದಾಗ ಅದರ ತೊಂದರೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಹೆಗಲಲ್ಲಿ ನೇತಾಡುವ ಬ್ಯಾಗಿನೊಳಗೆ ಪಿಸ್ತೂಲಿನ ಬಾಯಿ ಪಕ್ಕದ ಲೇನಿನವರ (ಲೇನ್ ಎಂದರೆ ಗುಂಡು ಹೊಡೆಯಲು ಒಬ್ಬೊಬ್ಬರಿಗೂ ಬಿಟ್ಟ ಸಾಲು) ಕಡೆಗಿರುತ್ತದೆ. ಹೊರತೆಗೆದು ಗುರಿಯ ಕಡೆ ತಿರುಗಿಸುವಷ್ಟರಲ್ಲಿ ಅದು ಎಷ್ಟು ಜನರ ಮೈಮೇಲೆ ಹಾದು ಹೋಯಿತೋ! ಬ್ಯಾಗನ್ನು ಮೇಜಿನ ಮೇಲಿಟ್ಟರೆ ಇನ್ನೊಬ್ಬರ ಕೈಗೆ ಸಿಗುವ ಭಯ. ದಪ್ಪ ಬೆಲ್ಟು, ಪ್ಯಾಂಟು, ಮೇಲೆ ಸಡಿಲ ಕುರ್ತಾ ಹಾಕಿದರೆ ಸೊಂಟದಲ್ಲೇ ಆರಾಮಾಗಿ ಕೂರುತ್ತದೆ. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಒಬ್ಬರೂ ಗುರುತಿಸಿಲ್ಲ.

ನಮ್ಮದು ವಿರಾಜಪೇಟೆ ಕಡೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಈಗ ಅದು 2029ರವರೆಗೆ ಮುಂದುವರಿದಿದೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಅಲ್ಲಿ ಅಪ್ಪ ನಮಗೆ ಕಲಿಸಿದ್ದು, ಖಾಲಿ ಕೋವಿಯೆಂದು ಒಂದಿಲ್ಲ, ಅದರ ಬಾಯಿ ಮನುಷ್ಯರ ಕಡೆಗೂ ದನಕರುಗಳ ಕಡೆಗೂ ತಿರುಗಬಾರದು ಎಂದು. ಆದರೆ ಜೋಡು ನಳಿಕೆಯ ಉದ್ದ ಕೋವಿ ಯಾವ ಕಡೆ ನೋಡುತ್ತಿದೆ ಎಂಬುದು ಊರಿಗೆಲ್ಲ ಕಾಣುತ್ತದೆ. ಗೇಣುದ್ದದ ಪಿಸ್ತೂಲು ಮಣಿಕಟ್ಟು ಸ್ವಲ್ಪ ತಿರುಗಿದರೂ ಬೇರೆ ಕಡೆ ನೋಡಿಬಿಡುತ್ತದೆ. ಕೋವಿ ಹಿಡಿದು ಬೆಳೆದವರು ಪಿಸ್ತೂಲನ್ನು ಹಗುರವಾಗಿ ನೋಡಬಾರದು ಎನ್ನುವುದು ಅದಕ್ಕೇ.

ಹೊಸ ರೇಂಜಿಗೆ ಹೋಗುವ ಮುನ್ನ ಫೋನ್ ಮಾಡಿ ಕೇಳುತ್ತೇನೆ: ಸೊಂಟದಲ್ಲಿ ತುಂಬಿದ್ದು ಇರಬಹುದೇ, ಹೋಲ್ಸ್ಟರ್‌ನಿಂದ ತೆಗೆದು ಹೊಡೆಯಲು ಬಿಡುತ್ತೀರಾ, ಯಾವ ಗುಂಡು ನಡೆಯುತ್ತದೆ? ಎಷ್ಟೋ ಒಳಾಂಗಣ ರೇಂಜುಗಳಲ್ಲಿ ತುಂಬಿದ್ದು ಹೋಲ್ಸ್ಟರ್‌ನಲ್ಲೇ ಇರಲಿ, ಲೇನಿಗೆ ಬಂದ ಮೇಲಷ್ಟೇ ಹೊರಗೆ ಬರಲಿ ಎಂಬ ನಿಯಮವಿದೆ. ಕೆಲವು ಕಡೆ ಬಾಗಿಲು ದಾಟುವ ಎಲ್ಲ ಗನ್ನುಗಳೂ ಖಾಲಿಯಾಗಿ, ಪೆಟ್ಟಿಗೆಯಲ್ಲಿ ಇರಬೇಕು. ಅಂಥ ಕಡೆ ಹೋಗುವುದಿದ್ದರೆ ಹಲವರು ಪಾರ್ಕಿಂಗ್‌ನಲ್ಲಿ, ಕಾರಿನ ಸೀಟಿನಲ್ಲಿ ಕೂತೇ ಖಾಲಿ ಮಾಡುತ್ತಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಕಾರಿನೊಳಗೆ ಪಿಸ್ತೂಲಿನ ಬಾಯನ್ನು ಎತ್ತ ತಿರುಗಿಸಿದರೂ ಅಲ್ಲಿ ಒಂದೋ ನಿಮ್ಮ ಕಾಲು, ಇಲ್ಲವೇ ಪಕ್ಕದ ಕಾರಿನಿಂದ ಇಳಿಯುತ್ತಿರುವವರು. ನಾನು ಹೋಲ್ಸ್ಟರ್ ಸಮೇತ ಬೆಲ್ಟಿನಿಂದ ಬಿಡಿಸಿ, ಟ್ರಿಗರ್ ಮುಚ್ಚಿಕೊಂಡ ಹಾಗೆಯೇ, ಸೀಟಿನ ಕಂಬಿಗೆ ಉಕ್ಕಿನ ಹಗ್ಗದಿಂದ ಬಿಗಿದಿರುವ ಬೀಗದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಪಿಸ್ತೂಲು ಹೋಲ್ಸ್ಟರ್‌ನಿಂದ ಹೊರಗೆ ಬರುವ ಪ್ರಮೇಯವೇ ಇಲ್ಲ.

ಐಡಿಪಿಎ ಎಂಬ, ಆತ್ಮರಕ್ಷಣೆಯ ಸನ್ನಿವೇಶಗಳಲ್ಲಿ ಪಿಸ್ತೂಲು ಹೊಡೆಯುವ ಸ್ಪರ್ಧೆಗಳಿಗೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಸೇಫ್ಟಿ ಆಫೀಸರ್ “ಲೋಡ್ ಆ್ಯಂಡ್ ಮೇಕ್ ರೆಡಿ” ಎನ್ನುವ ತನಕ ಪಿಸ್ತೂಲು ಖಾಲಿಯಾಗಿರಬೇಕು. ಗನ್ ಮುಟ್ಟಲು ಸೇಫ್ ಏರಿಯಾ ಎಂಬ ಜಾಗ ಇರುತ್ತದೆ ನಿಜ, ಆದರೆ ಅಲ್ಲಿ ಗುಂಡು ಮುಟ್ಟುವಂತಿಲ್ಲ. ಅಂದಮೇಲೆ ತುಂಬಿದ ಪಿಸ್ತೂಲನ್ನು ಅಲ್ಲಿಗೆ ಒಯ್ದು ಖಾಲಿ ಮಾಡುವುದೂ ತಪ್ಪೇ. ಹೊಸಬರು ಇದನ್ನು ತಿಳಿಯದೆ ಸ್ಪರ್ಧೆ ಶುರುವಾಗುವ ಮೊದಲೇ ಹೊರಗೆ ಹೋಗಬೇಕಾದೀತು.

ಇನ್ನು ಲೇನಿನೊಳಗಿನ ಮಾತು. ಅಭ್ಯಾಸದ ಬಹುಪಾಲನ್ನು ನಾನು ಸೊಂಟದ ಪಿಸ್ತೂಲಿನಿಂದ ಮಾಡುವುದಿಲ್ಲ. ಅದೇ ಮಾದರಿಯ ಇನ್ನೊಂದನ್ನು ಪೆಟ್ಟಿಗೆಯಲ್ಲಿ ಒಯ್ಯುತ್ತೇನೆ. ಅದೇ ಹಿಡಿತ, ಅದೇ ಟ್ರಿಗರ್. ನೂರಾರು ಗುಂಡಿನ ಮಸಿ, ಸವೆತ ಎಲ್ಲ ಅದರ ಪಾಲಿಗೆ. ಎರಡು ಪಿಸ್ತೂಲಿಗೆ ದುಡ್ಡು ಹಾಕುವುದು ಎಲ್ಲರಿಗೂ ಆಗದು, ಗೊತ್ತು. ಆದರೂ ಕೈಕೂಡಿದರೆ ಮಾಡಿ, ಏಕೆಂದರೆ ಸೊಂಟದಲ್ಲಿರುವುದನ್ನು ಪ್ರತಿ ಸಲ ಖಾಲಿ ಮಾಡಿ ತುಂಬುವ ಕೆಲಸ ತಪ್ಪುತ್ತದೆ. ಆ ಕೆಲಸಕ್ಕೆ ಇನ್ನೊಂದು ಕೆಡುಕೂ ಇದೆ. ಒಂದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ (ನಳಿಕೆಯ ಹಿಂದೆ ಗುಂಡು ಕೂರುವ ಜಾಗ) ತಳ್ಳಿದರೆ ಅದರ ತುದಿ ಕೊಂಚ ಕೊಂಚವೇ ಹಿತ್ತಾಳೆ ತೋಟೆಯೊಳಗೆ ಕುಸಿಯುತ್ತದೆ. ಒಳಗಿನ ಜಾಗ ಕಿರಿದಾದಷ್ಟೂ ಮದ್ದು ಉರಿಯುವಾಗಿನ ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕದಲ್ಲಿಟ್ಟು ನೋಡಿ, ಗಿಡ್ಡವಾಗಿದ್ದರೆ ಮತ್ತೆ ಬಳಸಬೇಡಿ.

ಸೊಂಟದ್ದನ್ನೂ ಆಗಾಗ ಹೊಡೆಯಲೇಬೇಕು. ಆ ದಿನ ಅದಕ್ಕೇ ಮೊದಲ ಸರದಿ, ಕೈ ಪಳಗುವ ಮುಂಚೆಯೇ. ಕಿವಿಗೆ ಬೆಣೆ, ಅದರ ಮೇಲೆ ಇಯರ್‌ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಒಳಗೆ ಹೋಗುತ್ತೇನೆ. ಪಿಸ್ತೂಲಿನ ಸದ್ದು 150 ಡೆಸಿಬೆಲ್ ದಾಟುತ್ತದೆ, ಒಳಾಂಗಣದಲ್ಲಿ ಗೋಡೆಗೆ ಬಡಿದು ಮತ್ತೆ ಬರುತ್ತದೆ. ಲೇನಿನಲ್ಲಿ ಗುರಿಗೆ ನೇರ ಎದುರಾಗಿ ನಿಂತು, ಎಡಗೈಯಿಂದ ಕುರ್ತಾ ಎತ್ತಿ ಎದೆಗೆ ಒತ್ತಿ ಹಿಡಿದು, ಬಲಗೈಯಿಂದ ನಿಧಾನವಾಗಿ ತೆಗೆಯುತ್ತೇನೆ. ತೋರುಬೆರಳು ಟ್ರಿಗರಿನ ಮೇಲಲ್ಲ, ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಪಕ್ಕಕ್ಕೆ ಚಾಚಿರುತ್ತದೆ. ವೇಗವಾಗಿ ಸೆಳೆಯುವುದನ್ನು ಅನೇಕ ರೇಂಜುಗಳು ನಿಷೇಧಿಸಿವೆ, ಹಾಗೆ ಮಾಡುವುದು ಸರಿಯೇ. ಅಪ್ಪಣೆಯಿಲ್ಲದ ಕಡೆ ಅಲ್ಲಿನ ಸಿಬ್ಬಂದಿಗೆ ಹೇಳಿ, ಅವರು ಒಪ್ಪಿದ ರೀತಿಯಲ್ಲೇ ತೆಗೆಯುತ್ತೇನೆ. ನಾವು ಒಯ್ಯುತ್ತಿದ್ದ ಹಳೇ ಗುಂಡುಗಳನ್ನೇ ಮೊದಲು 7 ಗಜದ ಗುರಿಗೆ ಹೊಡೆಯುವುದು. ನಮ್ಮ ಅಂಗಡಿಯ ಬಿಲ್ ಕೌಂಟರಿನಿಂದ ಬಾಗಿಲಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಆ ಮೊದಲ ಐದಾರು ಗುಂಡುಗಳು ಕಾಗದದ ಮೇಲೆ ಎಲ್ಲಿ ಬಿದ್ದವೋ ಅದೇ ನನ್ನ ನಿಜವಾದ ಕೈ. ನೂರು ಗುಂಡು ಹೊಡೆದ ಮೇಲೆ ಬರುವ ಚಂದದ ಗುಂಪಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

ಹೆಂಗಸರು ಬಟ್ಟೆಯ ಬಗ್ಗೆ ಯೋಚಿಸಬೇಕು. ಪ್ರತಿ ಗುಂಡಿಗೂ ಕಾದ ಹಿತ್ತಾಳೆ ತೋಟೆ ಚಿಮ್ಮಿ ಬರುತ್ತದೆ, ಅಗಲ ಕತ್ತಿನ ಬಟ್ಟೆಯಾದರೆ ನೇರ ಒಳಗೆ. ಸುಟ್ಟುಕೊಂಡವರು ಕೈಯಲ್ಲಿ ಪಿಸ್ತೂಲು ಹಿಡಿದೇ ಗಿರ್ರನೆ ತಿರುಗುವುದನ್ನು ಕಂಡಿದ್ದೇನೆ, ಅದರಷ್ಟು ಭಯಾನಕ ದೃಶ್ಯ ಇನ್ನೊಂದಿಲ್ಲ. ಕುತ್ತಿಗೆ ಮುಚ್ಚುವ ಬಟ್ಟೆ, ಮುಂದಕ್ಕೆ ಚಾಚಿದ ಟೋಪಿ ಹಾಕಿ, ದುಪಟ್ಟಾ ಬೇಡ. ತೋಟೆ ಬಿದ್ದರೂ ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರಲಿ, ಅದನ್ನು ಮೇಜಿನ ಮೇಲಿಟ್ಟ ನಂತರ ಕೊಡವಿಕೊಳ್ಳಿ. ಚರ್ಮ ಕೆಂಪಾದರೆ ವಾಸಿಯಾಗುತ್ತದೆ.

ಬಯಲು ರೇಂಜಿನಲ್ಲಿ ಗುರಿಯ ಕಾಗದ ಬದಲಿಸಲು ಎಲ್ಲರೂ ಹೊಡೆಯುವುದನ್ನು ನಿಲ್ಲಿಸಿ ಗೆರೆಯಿಂದ ಹಿಂದೆ ಸರಿಯುತ್ತಾರೆ. ಮುಂದೆ ಜನ ನಡೆಯುತ್ತಿರುವ ಆ ಹೊತ್ತಿನಲ್ಲಿ ಗನ್ ಮುಟ್ಟುವಂತೆಯೇ ಇಲ್ಲ. ಮೇಜಿನ ಮೇಲಿನ ಗನ್ನಿಗೆ ಈ ನಿಯಮ ಎಲ್ಲರಿಗೂ ನೆನಪಿರುತ್ತದೆ, ಸೊಂಟದ್ದಕ್ಕೆ ಮರೆಯುತ್ತದೆ. ಪ್ಯಾಂಟು ಜಾರಿತೆಂದು, ಹೋಲ್ಸ್ಟರ್ ಒತ್ತಿತೆಂದು ಕೈ ಸೊಂಟಕ್ಕೆ ಹೋಗುತ್ತದೆ. ದೂರದಿಂದ ನೋಡುವ ರೇಂಜ್ ಆಫೀಸರಿಗೆ ನೀವು ಸರಿಪಡಿಸುತ್ತಿದ್ದೀರೋ ಹೊರಗೆ ತೆಗೆಯುತ್ತಿದ್ದೀರೋ ತಿಳಿಯುವುದು ಹೇಗೆ? ನಾನು ಎರಡೂ ಕೈ ಕಟ್ಟಿಕೊಂಡು ನಿಲ್ಲುತ್ತೇನೆ.

ಹೊರಡುವ ಮುನ್ನ, ಇನ್ನೂ ಲೇನಿನಲ್ಲಿ ಗುರಿಗೆ ಎದುರಾಗಿ ಇರುವಾಗಲೇ, ಸೊಂಟದ್ದನ್ನು ಮತ್ತೆ ತುಂಬುತ್ತೇನೆ. ಅಭ್ಯಾಸಕ್ಕೆ ದುಂಡು ತುದಿಯ ಅಗ್ಗದ ಗುಂಡು, ಒಯ್ಯಲು ತುದಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್. ಕುಳಿಯದ್ದು ಮೈಗೆ ತಾಗಿದಾಗ ಅರಳಿ, ಸಾಮಾನ್ಯವಾಗಿ ದುಂಡನೆಯದಕ್ಕಿಂತ ಬೇಗ ವೇಗ ಕಳೆದುಕೊಳ್ಳುತ್ತದೆ. ದುಂಡನೆಯದು ದಾಟಿಹೋಗಿ ಹಿಂದಿರುವವರಿಗೂ ತಾಗಬಹುದು, ನನ್ನ ಅಂಗಡಿಯಲ್ಲಿ ಹಿಂದೆ ಇರುವವರು ಗಿರಾಕಿಗಳು. ಹಾಗಾಗಿ ಎರಡೂ ಬಗೆಯನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ, ಒಯ್ಯುವ ಮ್ಯಾಗಜಿನ್‌ಗೆ ಬಣ್ಣದ ಗುರುತು ಹಾಕಿ ಇಡುತ್ತೇನೆ. ಹೋಲ್ಸ್ಟರ್‌ಗೆ ಮರಳಿಸುವಾಗ ಅವಸರವೇ ಇಲ್ಲ. ಕುರ್ತಾದ ಅಂಚು, ಜಾಕೆಟ್ಟಿನ ದಾರ ಯಾವುದೂ ಒಳಗೆ ಸಿಕ್ಕಿಲ್ಲವೆಂದು ಕಣ್ಣಾರೆ ನೋಡಿ, ಏನಾದರೂ ತಡೆದಂತಾದರೆ ಒತ್ತದೆ ಹೊರಗೆಳೆದು ನೋಡುತ್ತೇನೆ. ಬಟ್ಟೆಯ ಮಡಿಕೆ ಟ್ರಿಗರ್ ಅದುಮಬಲ್ಲದು.

ಆಮೇಲೆ ಸೋಪು ಹಾಕಿ ಕೈ, ಮುಖ ತೊಳೆಯುವುದು. ಗುಂಡಿನ ಹೊಗೆಯಲ್ಲಿ ಸೀಸ ಇರುತ್ತದೆ, ಮಕ್ಕಳ ಮೆದುಳಿಗೆ ಅದು ವಿಷ. ಮನೆಗೆ ಬಂದರೆ ಚಪ್ಪಲಿ, ಬೂಟು ಹೊರಗೆ ಬಿಡುವ ನಮ್ಮ ಪದ್ಧತಿ ಇಲ್ಲಿ ಉಪಕಾರಕ್ಕೆ ಬಂದಿದೆ. ರೇಂಜಿನ ಬಟ್ಟೆಯನ್ನು ಬೇರೆಯಾಗಿ ಒಗೆಯುತ್ತೇನೆ, ತೊಳೆಯದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುವುದಿಲ್ಲ.

ರಜಾದಿನಗಳಲ್ಲಿ ರೇಂಜಿನಿಂದ ನೇರ ಮಗಳ ಕನ್ನಡ ತರಗತಿಗೆ ಹೋಗುವುದುಂಟು. ಅದು ನಡೆಯುವುದು ಶಾಲೆಯ ಕಟ್ಟಡದಲ್ಲಿ, ಅದರೊಳಗೆ ಪಿಸ್ತೂಲು ಒಯ್ಯುವುದು ಅಪರಾಧ. ಹಾಗಾಗಿ ಶಾಲೆಯ ಆವರಣಕ್ಕೆ ಬರುವ ಮುಂಚೆಯೇ ಎಲ್ಲಾದರೂ ನಿಲ್ಲಿಸಿ, ಮೊದಲು ಹೇಳಿದಂತೆ ಹೋಲ್ಸ್ಟರ್ ಸಮೇತ ಬೀಗದ ಪೆಟ್ಟಿಗೆಗೆ ಹಾಕುತ್ತೇನೆ. ನಾನು ಪೆಟ್ಟಿಗೆಯಲ್ಲಿ ಏನಿಡುತ್ತೇನೆಂದು ಶಾಲೆಯ ಪಾರ್ಕಿಂಗ್‌ನಲ್ಲಿ ಯಾರೂ ನೋಡುವುದು ಬೇಡ, ಕಾರಿನಿಂದ ಗನ್ ಕದಿಯುವವರಿಗೆ ಅಷ್ಟು ಸುಳಿವು ಸಾಕು. ದೇವಸ್ಥಾನದ ವಿಷಯ ಬೇರೆ. ಅವರೇ ಬೇಡವೆಂದು ತಿಳಿಸದ ಹೊರತು ಟೆಕ್ಸಸ್ ಕಾನೂನು ಅಲ್ಲಿ ತಡೆಯುವುದಿಲ್ಲ. ಆದರೂ ಪ್ರದಕ್ಷಿಣೆ, ನಮಸ್ಕಾರ ಎಂದು ಬಗ್ಗಿ ಏಳುವ, ಮಕ್ಕಳು ಸೊಂಟಕ್ಕೆ ಜೋತುಬೀಳುವ ಜಾಗದಲ್ಲಿ ನಾನು ಅದನ್ನು ಇಟ್ಟುಕೊಳ್ಳುವುದಿಲ್ಲ.

ಒರೆಸಿ ಎಣ್ಣೆ ಹಾಕುವುದನ್ನು ಮಗಳು ಮಲಗಿದ ಮೇಲೆ ಮಾಡುತ್ತೇನೆ. ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಎಳೆಯಲೇಬೇಕು. ಆದ್ದರಿಂದ ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಗುಂಡುಗಳನ್ನೆಲ್ಲ ಇನ್ನೊಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಬಂದ ಮೇಲೆ, ಮತ್ತೊಮ್ಮೆ ಚೇಂಬರ್ ನೋಡಿಯೇ ಎಳೆಯುತ್ತೇನೆ.